ಫೋನು ಕಟ್ಟಿದ ಹಲ್ಲು

ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ನಲವತ್ತು ದಿನದ ತರಬೇತಿಗೆಂದು ಬೇರೆ ಊರಿಗೆ ಹೊರಟಾಗ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಗಂಡ ಎದೆ ತಟ್ಟಿಕೊಂಡು ಹೇಳಿದ್ದ, ಮನೆಯನ್ನೂ ಮಗಳನ್ನೂ ಕನ್ನಡಿಯ ಹಾಗೆ ಇಟ್ಟಿರುತ್ತೇನೆ ಎಂದು. ಪಕ್ಕದಲ್ಲೇ ಇದ್ದ ಅವನ ಅಕ್ಕ, ಒಡೆಯದಿದ್ದರೆ ಸಾಕು ಎಂದಿದ್ದಳು.

ಹತ್ತು ದಿನದೊಳಗೇ ಅಕ್ಕನ ಅನುಮಾನ ನಿಜವಾಯಿತು. ಮೂವತ್ತು ಮಹಡಿ ಏರಿಳಿಯುವ ಪೆಟ್ಟಿಗೆಯನ್ನು ನಿಲ್ಲಿಸಬಲ್ಲವನಿಗೆ ಬಟ್ಟೆಯ ರಾಶಿಯನ್ನು ನಿಲ್ಲಿಸಲಾಗಲಿಲ್ಲ. ಅದು ಸೋಫಾ ಹತ್ತಿ ಕೂತಿತ್ತು. ಸಿಂಕಿನಲ್ಲಿ ಪಾತ್ರೆಗಳು ಒಂದರ ಹೆಗಲ ಮೇಲೊಂದು. ಆರು ವರ್ಷದ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು, ಈಗ ಅವಳ ತಲೆಯೂ ಗೂಡಾಗಿತ್ತು. ಆದರೆ ದಿನಾ ಬೆಳಿಗ್ಗೆ ಫೋಟೋ ಕಳಿಸಬೇಕೆಂದು ಹೆಂಡತಿಯ ಅಪ್ಪಣೆ.

ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ದಾರಿ ತೋರಿಸಿದ. ಫೋಟೋ ತೆಗೆದು ಒಂದು ಗುಂಡಿ ಒತ್ತಿದರೆ ಕೃತಕ ಬುದ್ಧಿಮತ್ತೆ ಅಂದ ಮಾಡಿಕೊಡುತ್ತದಂತೆ. ಒತ್ತಿದ. ಬಟ್ಟೆಯ ರಾಶಿ ಮಾಯವಾಗಿ ಆ ಜಾಗದಲ್ಲಿ ಎರಡು ದಿಂಬು ಬಂದವು. ಗೋಡೆಯ ಎಣ್ಣೆಕಲೆ ಹೋಯಿತು, ಕಿಟಕಿಯಿಂದ ಹೊಂಬಿಸಿಲು ಇಳಿಯಿತು, ಗುಬ್ಬಿಯ ಕೂದಲು ತಾನೇ ಬೈತಲೆ ತೆಗೆದುಕೊಂಡಿತು. ಸ್ವಂತ ಬುದ್ಧಿ ಇಷ್ಟು ವರ್ಷ ಮಾಡದ್ದನ್ನು ಕೃತಕ ಬುದ್ಧಿ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿತಲ್ಲ ಎಂದು ಅವನು ಹಿಗ್ಗಿದ.

ಹೆಂಡತಿ ಮೊದಮೊದಲು ಹೊಗಳಿದಳು. ಬರಬರುತ್ತಾ ಅವಳ ಮಾತು ಕಡಿಮೆಯಾಯಿತು. ಒಮ್ಮೆಯಂತೂ, ನಾನಿಲ್ಲದೇನೇ ಎಲ್ಲಾ ನಡೀತಿದೆ ಬಿಡಿ, ಎಂದಳು. ಅವನು ಅದನ್ನೂ ಹೊಗಳಿಕೆಯೆಂದೇ ತಿಳಿದ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಗುಬ್ಬಿಯ ಮುಂದಿನ ಹಲ್ಲು ಬಿತ್ತು. ಮೊದಲನೆಯ ಹಲ್ಲು. ತಾನು ಹೊರಡುವಾಗಲೇ ಅಲ್ಲಾಡುತ್ತಿದ್ದ ಅದಕ್ಕೆ, ಬರೋವರೆಗೂ ಕಾದಿರು ಎಂದು ತಾಯಿ ಬೇಡಿಕೊಂಡು ಹೋಗಿದ್ದಳು. ಅವನು ಫೋನು ಮಾಡಿ ಸುದ್ದಿ ಹೇಳಿದ.

"ಬಿದ್ದ ಜಾಗಾನಾದ್ರೂ ನೋಡ್ತೀನಿ," ಎಂದಳು ಹೆಂಡತಿ. "ನಗೋ ಫೋಟೋ ಕಳ್ಸಿ ರೀ. ಇವತ್ತು ಬೇರೇನೂ ಬೇಡ."

ಗುಬ್ಬಿ ಬಟ್ಟೆಯ ರಾಶಿಯ ಮೇಲೆ ಕೂತು, ಹಲ್ಲನ್ನು ಅಮ್ಮನಿಗೆ ತೋರಿಸಲೆಂದು ಅಂಗೈಯಲ್ಲಿಟ್ಟು ಕೈಚಾಚಿ ನಕ್ಕಳು. ಅವನು ಫೋಟೋ ತೆಗೆದು, ರೂಢಿಯಂತೆ ಗುಂಡಿ ಒತ್ತಿ, ಕಳಿಸಿಯೂಬಿಟ್ಟ. ಹಲ್ಲು ಇದೆಯಲ್ಲ ಎಂದು ಉತ್ತರ ಬಂತು.

ನೋಡುತ್ತಾನೆ, ಅಂದ ಮಾಡುವ ಭರದಲ್ಲಿ ಫೋನು ಹಲ್ಲನ್ನೂ ಕಟ್ಟಿಬಿಟ್ಟಿದೆ. ಟೂತ್‌ಪೇಸ್ಟ್ ಜಾಹೀರಾತಿನ ಸಾಲು. ಗುಬ್ಬಿ ಇಣುಕಿದಳು.

"ಅಪ್ಪಾ, ಇದು ಯಾರ ಹಲ್ಲು?"

ಅಷ್ಟೇ, ತುಟಿ ಬಿಗಿದುಕೊಂಡಳು. ಕಷ್ಟಪಟ್ಟು ಬೀಳಿಸಿದ್ದನ್ನು ಫೋನು ವಾಪಸ್ ಹಾಕುವುದಾದರೆ ಅದರ ಮುಂದೆ ಬಾಯಿ ಬಿಡುವುದಿಲ್ಲ ಎಂದು ಹಟ. ಚಾಕಲೇಟಿಗೂ ಜಗ್ಗಲಿಲ್ಲ.

ಉಳಿದದ್ದು ಗುಂಡಿ ಒತ್ತುವ ಮೊದಲಿನ ಫೋಟೋ. ಅದರಲ್ಲಿ ನಗು ಇತ್ತು, ಕಿಂಡಿ ಇತ್ತು, ಜೊತೆಗೆ ಇಪ್ಪತ್ತೆರಡು ದಿನದ ಅವನ ಸಂಸಾರವೆಲ್ಲ ಇತ್ತು. ಮುಖವನ್ನಷ್ಟೇ ಕತ್ತರಿಸಿದರೆ ಚಾಚಿದ ಕೈಯೂ ಹಲ್ಲೂ ಹೊರಗುಳಿಯುತ್ತಿದ್ದವು. ಕೈಯನ್ನು ಸೇರಿಸಿಕೊಂಡರೆ ಸೋಫಾ ಬರುತ್ತಿತ್ತು. ಅಲ್ಲಿ ಹೆಂಡತಿ ಕಾಯುತ್ತಿದ್ದಳು. ಆದದ್ದಾಗಲಿ ಎಂದು ಇಡಿಯದನ್ನೇ ಕಳಿಸಿದ.

ಕೂಡಲೇ ಫೋನು ಬಂತು. ಮೊದಲು ಮೂಗು ಒರೆಸಿಕೊಂಡ ಸದ್ದು.

"ಎಷ್ಟು ಅಗಲ ಇದೆ ನೋಡಿ ಕಿಂಡಿ," ಎಂದಳು. ಆಮೇಲೆ, "ರೀ, ಹಿಂದೆ ನೀಲಿಗೆ ಕಾಣ್ತಿರೋದು ನನ್ನ ಬಿಳಿ ಕೋಟಲ್ವಾ?"

ಅಲ್ಲಿಂದ ಶುರುವಾಯಿತು. ಕೆಲಸದ ನೀಲಿ ಬಟ್ಟೆ ಜೊತೆ ಬಿಳಿಯದನ್ನು ನೆನೆಹಾಕುವವರುಂಟೇ, ಮಗುವಿನ ತಲೆಗೆ ಬಾಚಣಿಗೆ ಸೋಕಿ ಎಷ್ಟು ದಿನವಾಯಿತು, ತಾನು ಬರುವಷ್ಟರಲ್ಲಿ ಗೋಡೆಗಳಾದರೂ ಇರುತ್ತವೋ. ವಾರದಿಂದ ಎರಡು ಮಾತಿಗೆ ಮುಗಿಸುತ್ತಿದ್ದವಳು ಉಸಿರು ತೆಗೆದುಕೊಳ್ಳದೆ ಬೈದಳು. ಅವನು ರಾಶಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿಕೊಂಡು ಕೂತು, ಹೂಂ, ಹೂಂ ಎನ್ನುತ್ತಾ ಹೋದ.

ಅಮ್ಮ ಯಾರಿಗೆ ಬೈತಿದ್ದಾಳೆ ಎಂದು ಗುಬ್ಬಿ ಅವನ ತೊಡೆ ಏರಿ ಕಿವಿಗೆ ಬಾಯಿಟ್ಟು ಕೇಳಿದಳು.

"ನನಗೇ ಕಣೆ," ಎಂದ ಅವನು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು. "ಸುಮ್ನಿರು, ಕೇಳಿಸ್ಕೋಬೇಕು."