ಕಡೇ ಪಂಕ್ತಿಯ ಓಟ

ಪರ್ರ್ ಎಂದಿತು ಮತ್ತೆ, ಬೆನ್ನ ಹಿಂದೆ, ಇನ್ನೊಂದು ಪಟ್ಟಿ ಹೋಯಿತು, ಜಾಲಿಯ ಕೊಂಬೆಗೆ ಕಟ್ಟಿದ್ದ ಗುಲಾಬಿ ಬಣ್ಣದ ಪಟ್ಟಿ, ಈಗಷ್ಟೇ ನಾನು ದಾಟಿ ಬಂದದ್ದು, ಅದನ್ನು ಕಿತ್ತು ಚೀಲಕ್ಕೆ ತುರುಕುತ್ತಿದ್ದಾನೆ ಅಂದಾನಿ, ಅವನ ಕೆಲಸವೇ ಅದು, ಎಲ್ಲರಿಗಿಂತ ಹಿಂದೆ ಬರುವುದು, ಕಡೆಯ ಓಟಗಾರ ದಾಟಿದ ಮೇಲೆ ದಾರಿಯ ಗುರುತುಗಳನ್ನೆಲ್ಲ ಕೀಳುತ್ತಾ ಬರುವುದು, ಕಡೆಯ ಓಟಗಾರ ಎಂದರೆ ನಾನು, ವೆಂಕಟಲಕ್ಷ್ಮಿ, ಐವತ್ತೊಂದು ವರ್ಷ, ಎದೆಯ ಮೇಲೆ ನೂರಾ ಹದಿನಾಲ್ಕು ಎಂಬ ನಂಬರು, ನನ್ನ ಹಿಂದೆ ಇನ್ನು ಓಟವೇ ಇಲ್ಲ, ಬರೀ ಮುಳ್ಳು ಪೊದೆ, ಕೀಳಲಿ, ಎಷ್ಟು ಬೇಕಾದರೂ ಕೀಳಲಿ, ನಾನೇನು ಹಿಂದಕ್ಕೆ ಹೋಗುವವಳಲ್ಲ — ಗಡಿಯಾರದಲ್ಲಿ ಎರಡೂ ನಲವತ್ತು, ಇನ್ನು ಹನ್ನೊಂದು ಕಿಲೋಮೀಟರ್, ಐದು ಗಂಟೆಗೆ ಮುಗಿಸಬೇಕು, ಬೆಳಿಗ್ಗೆ ಐದಕ್ಕೆ ಹೊರಟದ್ದು, ಅರವತ್ತು ಕಿಲೋಮೀಟರಿಗೆ ಹನ್ನೆರಡು ಗಂಟೆ, ಕೆರೆ ಏರಿ, ಕಲ್ಲು, ಮಣ್ಣು, ಗುಡ್ಡ, ಅದರಾಚೆ ಒಂದು ಸೆಕೆಂಡೂ ಇಲ್ಲ, ಮತ್ತು ಕಡೆಯವಳಾಗುವುದು ನನಗೇನು ಹೊಸದೇ, ಮದುವೆಯಾಗಿ ಇಪ್ಪತ್ತಾರು ವರ್ಷ ಕಡೇ ಪಂಕ್ತಿಯಲ್ಲೇ ಉಂಡವಳು, ಶ್ರಾದ್ಧವಾಗಲಿ ರಾಯರ ಆರಾಧನೆಯಾಗಲಿ, ಮೊದಲು ಆಚಾರ್ಯರು, ಆಮೇಲೆ ಗಂಡಸರು, ಆಮೇಲೆ ಮಕ್ಕಳು, ಬಡಿಸಿ ಬಡಿಸಿ ಸೊಂಟ ಮುರಿದವರು ಕಡೆಗೆ, ಅಷ್ಟು ಹೊತ್ತಿಗೆ ಹಯಗ್ರೀವದ ಪಾತ್ರೆಯಲ್ಲಿ ತಳ ಕಾಣುತ್ತಿತ್ತು, ಅತ್ತೆ ಜಯಲಕ್ಷ್ಮಮ್ಮ ಸೌಟಿನಲ್ಲಿ ಕೆರೆದು ಕೆರೆದು ನನ್ನ ಎಲೆಗೆ ತಟ್ಟುತ್ತಿದ್ದರು, ನಿನಗೇಂತ ಎತ್ತಿಟ್ಟಿದ್ದೆನೇಮ್ಮಾ, ಪಾಪ. ಆ ಪಾಪ ಎಂಬ ಮಾತು, ಅದಕ್ಕಿಂತ ಉಪವಾಸವೇ ರುಚಿ. ಆದರೆ ಇವತ್ತು ಕಡೆಯವಳಾದದ್ದಕ್ಕೆ ಅತ್ತೆಯನ್ನೂ ದೂರುವಂತಿಲ್ಲ, ನನ್ನ ಕಾಲನ್ನೇ ದೂರಬೇಕು, ಹತ್ತೊಂಬತ್ತನೇ ಕಿಲೋಮೀಟರಿನಲ್ಲಿ ದಿಬ್ಬದ ಮೇಲೊಂದು ಪುಟ್ಟ ಗುಡಿ, ಅದರ ಎರಡೂ ಮಗ್ಗುಲಿಗೆ ದಾರಿ, ಪಟ್ಟಿ ಕಟ್ಟಿದ್ದು ಬಲಗಡೆಗೆ, ನನ್ನ ಕಾಲು ಹೋದದ್ದು ಎಡಗಡೆಗೆ, ದೇವರನ್ನು ಬಲಕ್ಕೆ ಬಿಟ್ಟುಕೊಂಡು, ಪ್ರದಕ್ಷಿಣೆ, ಹುಟ್ಟಿದಾಗಿನಿಂದ ಕಾಲಿಗೆ ಗೊತ್ತಿರುವುದು ಅದೊಂದೇ, ತಲೆಯನ್ನು ಕೇಳಲೇ ಇಲ್ಲ, ಎರಡು ಕಿಲೋಮೀಟರ್ ಇಳಿದು ಕಲ್ಲು ಕ್ವಾರಿಯ ಹಸಿರು ನೀರಿನ ಮುಂದೆ ನಿಂತಾಗ ತಿಳಿಯಿತು, ಇಲ್ಲಿ ಪಟ್ಟಿಯೂ ಇಲ್ಲ, ಮನುಷ್ಯರೂ ಇಲ್ಲ. ಎರಡು ಕಿಲೋಮೀಟರ್ ವಾಪಸ್ಸು ಹತ್ತಿ ಬಂದರೆ ಗುಡಿಯ ಕಟ್ಟೆಯ ಮೇಲೆ ಅಂದಾನಿ ಕೂತಿದ್ದ, ಒಂದು ನಂಬರು ಕಮ್ಮಿ ಬಂತು, ಅದಕ್ಕೇ ಕಾಯ್ಕಂಡಿವ್ನಿ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ, ಕನ್ನಡ, ಮದರಾಸಿನ ಮುಳ್ಳುಪೊದೆಯ ನಡುವೆ ಕೊಳ್ಳೇಗಾಲದ ಕನ್ನಡ, ದೇವರಿಗೆ ಪ್ರದಕ್ಷಿಣೆ ಹಾಕಿಕೊಂಡು ಬಂದೆನಪ್ಪಾ ಎಂದೆ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನು ಬಲಗಡೆಯ ದಾರಿ ಹಿಡಿದೆ, ದೇವರು ಎಡಕ್ಕಾದರು, ಅಪ್ರದಕ್ಷಿಣೆ, ಆಗಲಿ, ಐವತ್ತು ನಿಮಿಷ ತಿಂದಿದ್ದೀಯಲ್ಲಪ್ಪಾ ದೇವರೇ, ನಿನ್ನ ಪಾಲು ನಿನಗೆ ಸಂದಿತು.

ಎಡಮಂಡಿ ಇಳಿಜಾರಿನಲ್ಲಿ ಕಚ್ಚುತ್ತದೆ, ಹೆಬ್ಬೆರಳಿನ ಉಗುರು ಕಾಲುಚೀಲದೊಳಗೆ ಕಿತ್ತುಬಂದಿದೆ ಎಂದು ಕಾಣುತ್ತದೆ, ನೋಡುವುದಿಲ್ಲ, ನೋಡಿದರೆ ಅದಕ್ಕೆ ಸಲಿಗೆ ಸಿಕ್ಕಂತೆ, ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಮೊಸರನ್ನ ಹಿಂಡಿಕೊಳ್ಳುತ್ತೇನೆ, ಹುಡುಗರು ಏನೇನೋ ಅಂಟು ಸಿಹಿ ನೆಕ್ಕುತ್ತಾರೆ, ನನಗೆ ಒಗ್ಗುವುದಿಲ್ಲ, ಹೋದ ವರ್ಷ ಅದನ್ನೇ ನೆಕ್ಕಿ ಮೂವತ್ತೊಂಬತ್ತನೇ ಕಿಲೋಮೀಟರಿನಲ್ಲಿ ಕಕ್ಕಿಕೊಂಡೆ, ಹೋದ ವರ್ಷ — ಬೇಡ ಎಂದರೂ ಬರುತ್ತದೆ, ಐದೂ ಒಂಬತ್ತಕ್ಕೆ ತಲುಪಿದೆ, ಒಂಬತ್ತು ನಿಮಿಷ ತಡ, ಗಡಿಯಾರ ಆರಿಸಿ ವಯರು ಸುತ್ತುತ್ತಿದ್ದರು, ಮೈಕಿನವನು ತಮಿಳಿನಲ್ಲಿ, ಪಾವಂ ಆಂಟಿ, ಅದೇ ಪಾಪ, ಒಂದು ಕೊಟ್ಟುಬಿಡಿ ಎಂದ, ಯಾರೋ ಪೆಟ್ಟಿಗೆ ಬಿಚ್ಚಿ ಪದಕ ತೆಗೆದರು, ನಾನು ಕತ್ತು ಬಗ್ಗಿಸಿದೆ. ಅಷ್ಟೇ ನಾನು ಮಾಡಿದ ತಪ್ಪು, ಕತ್ತು ಬಗ್ಗಿಸಿದ್ದು, ಸುಸ್ತಿನಲ್ಲಿ ಅದು ತಾನಾಗಿ ಬಗ್ಗಿತು, ತಾಳಿಗೆ ಬಗ್ಗಿದ ಕತ್ತು, ಆರತಿಗೆ, ಅತ್ತೆಯ ಮಾತಿಗೆ, ಅಭ್ಯಾಸವಾದದ್ದು. ನಮ್ಮವರು, ಊರಿಗೆಲ್ಲ ಕಿಟ್ಟು, ಅದನ್ನು ಷೋಕೇಸಿನಲ್ಲಿ ಉಡುಪಿ ಕೃಷ್ಣನ ಪಕ್ಕ ತೂಗುಹಾಕಿದರು, ಬಂದವರಿಗೆಲ್ಲ, ನಮ್ಮಾಕೆ ಅರವತ್ತು ಕಿಲೋಮೀಟರ್ ಓಡಿದಾಳೆ ತಿಳಿಯಿತೋ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಮೀಸೆಯೂ ಅವರದೇ, ನಾನು ತೆಗೆದು ಬೀರುವಿನೊಳಗೆ ಹಾಕುವುದು, ಅವರು ತೆಗೆದು ಮತ್ತೆ ಷೋಕೇಸಿಗೆ, ನಾನು ಸಮಯಕ್ಕೆ ಮುಗಿಸಲಿಲ್ಲ ರೀ ಎಂದರೆ, ಒಂಬತ್ತು ನಿಮಿಷ ಯಾರು ಕೇಳ್ತಾರೆ ಬಿಡೇ. ಕೇಳದೆ ಏನು, ಮಗಳು ಅಕ್ಷಯಾ ಕೇಳಿದಳು, ಫೋನಿನಲ್ಲಿ ಫಲಿತಾಂಶದ ಪಟ್ಟಿ ತೆರೆದು, ಅಮ್ಮಾ ಉನ್ ಪೇರ್ ಕಾಣೋಮೇ, ಹೆಸರೇ ಇಲ್ಲವಲ್ಲ, ಕೆಳಗೆ ಇತ್ತು, ಮುಗಿಸದವರ ಸಾಲಿನಲ್ಲಿ, ನನ್ನ ಹೆಸರು, ತಪ್ಪಿಲ್ಲದೆ ಬರೆದಿತ್ತು, ಅದನ್ನು ನೋಡಿ ನಾನು ನಾಚಲಿಲ್ಲ, ಅದು ನಿಜ, ನಾಚಿದ್ದು ನುಂಗಂಬಾಕ್ಕಂನ ನನ್ನ ಆಫೀಸಿನಲ್ಲಿ, ನಮ್ಮವರು ಕಳಿಸಿದ ಫೋಟೋ ನೋಡಿ ಶಾಲು ಹೊದಿಸಿದಾಗ, ಚಪ್ಪಾಳೆ, ಕೇಸರಿಬಾತು, ನಾನು ಬಾಯಿ ಮುಚ್ಚಿಕೊಂಡು ಕತ್ತು ಬಗ್ಗಿಸಿದೆ, ಮತ್ತೆ. ಈ ವರ್ಷ ಸಮಯದೊಳಗೆ ಮುಟ್ಟುತ್ತೇನೆ, ಮುಟ್ಟಿ ಆ ಸುಳ್ಳು ಪದಕವನ್ನು ಹಳೇ ಸಾಮಾನಿನವನಿಗೆ ಹಾಕುತ್ತೇನೆ, ಪಾವಂ ಅಂತೆ, ಪಾವಂ.

ಪರ್ರ್, ಹತ್ತಿರವಾಯಿತು ಸದ್ದು, ಪಕ್ಕಕ್ಕೇ ಬಂದ ಅಂದಾನಿ, ನಲವತ್ತರ ಆಸುಪಾಸು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರು, ಮದರಾಸಿಗೆ ಬಂದು ಏಳು ವರ್ಷವಂತೆ, ಕ್ರೋಂಪೇಟೆಯ ಹಳೇ ಚರ್ಮದ ಕಾರ್ಖಾನೆಯ ಗೋಡೆ ಸಿಕ್ಕಿತು, ಇಟ್ಟಿಗೆ ಉದುರಿದ ಉದ್ದನೆಯ ಗೋಡೆ, ಮೂರೂ ಹದಿನೆಂಟು, ಇಲ್ಲಿಂದ ಪಟ್ಟಿಗಳು ಗುಡ್ಡದ ಕಡೆ ತಿರುಗುತ್ತವೆ, ಗುಡ್ಡ ಹತ್ತಿ ಸುತ್ತಿ ಇಳಿದು ಕಾಲೇಜಿನ ಹಿಂದಿನ ಮೈದಾನ, ಎಂಟು ಕಿಲೋಮೀಟರ್. ಅಕ್ಕ, ಒಂದು ಮಾತು ಏಳ್ತೀನಿ, ಬೇಜಾರು ಮಾಡ್ಕಬ್ಯಾಡಿ, ಈ ಗೋಡೆ ಮಗ್ಗಲಲ್ಲೇ ನೆಟ್ಟಗೆ ಓಗ್ಬುಟ್ರೆ ಮೂರು ಕಿಲೋಮೀಟ್ರು ಉಳೀತದೆ, ಬೆಳಿಗ್ಗೆ ನೀವು ನಾಕು ಕಿಲೋಮೀಟ್ರು ಜಾಸ್ತಿನೇ ಓಡಿದ್ದೀರಿ, ಅಲ್ಲಿಗಲ್ಲಿಗೆ ಸರಿ ಓಯ್ತದೆ, ನಾ ಯಾರ್ಗೂ ಏಳಾಕಿಲ್ಲ. ಕಳ್ಳನ ಮುಖವಲ್ಲ ಅದು, ಒಳ್ಳೆಯ ಮನುಷ್ಯ, ಅದಕ್ಕೇ ಕಷ್ಟ, ಗೋಡೆಯ ನೆರಳು ತಣ್ಣಗೆ ಹಾಸಿಕೊಂಡಿದೆ, ಮಂಡಿ ಕೂಡಲೇ ಒಪ್ಪಿತು, ಉಗುರು ಒಪ್ಪಿತು, ಹೊಟ್ಟೆ ಒಪ್ಪಿತು, ನ್ಯಾಯವೇ ಅಲ್ಲವೇ, ಓಡಿದ್ದು ಓಡಿದ್ದೇ, ನನ್ನ ಕಾಲಿಗೆ ಅರವತ್ತಕ್ಕಿಂತ ಒಂದು ಹೆಚ್ಚೇ ಆಗುತ್ತದೆ, ನಾಲ್ಕೂವರೆಗೆಲ್ಲ ಮುಟ್ಟಿಬಿಡಬಹುದು, ಹೆಸರು ಮೇಲಿನ ಸಾಲಿಗೆ ಬರುತ್ತದೆ, ಯಾರೂ ಕೇಳುವುದಿಲ್ಲ — ಯಾರು ಕೇಳ್ತಾರೆ ಬಿಡೇ, ಅಯ್ಯೋ, ಇದು ನಮ್ಮವರ ಧ್ವನಿ, ನನ್ನ ಬಾಯೊಳಗೆ ಯಾವಾಗ ಬಂದು ಕೂತಿತು? ಬೇಡಪ್ಪಾ, ನೀನು ಸ್ವಲ್ಪ ಚುಮ್ಮಾ ಇರು, ನಾನು ಸುತ್ತಿಕೊಂಡೇ ಹೋಗ್ತೇನೆ. ಯಾಕಕ್ಕ, ಟೈಮ್ ಸಾಲಾಕಿಲ್ಲ ಕನಕ್ಕ. ಸಾಲದಿದ್ದರೆ ಸಾಲದು, ನಿಜವಾಗಿ ಸೋಲ್ತೇನೆ, ಒಂದು ಸಲ ಸುಳ್ಳಾಗಿ ಗೆದ್ದು ಸಾಕಾಗಿದೆ ನನಗೆ. ಅವನು ನನ್ನ ಮುಖ ನೋಡಿದ, ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ, ಅಂಗಾದ್ರೆ ನಿಂತ್ಕಂಡು ಮಾತಾಡ್ಬ್ಯಾಡಿ, ನಡೀರಿ ನಡೀರಿ, ನಾನು ಕಿತ್ಕಂಡು ಬತ್ತೀನಿ.

ಗುಡ್ಡ, ಗುಡ್ಡವಲ್ಲ ಇದು ಬಂಡೆ, ಕೈಯೂರಿ ಹತ್ತುತ್ತೇನೆ, ಅಂಗೈಗೆ ಬಿಸಿ, ಧನುರ್ಮಾಸವಾದರೇನು, ಮದರಾಸಿನ ಬಿಸಿಲಿಗೆ ಪಂಚಾಂಗ ತಿಳಿಯದು, ಮುಖದ ಮೇಲೆ ಉಪ್ಪು ಪುಡಿಪುಡಿಯಾಗಿದೆ, ನಾಲಿಗೆ ಚಾಚಿದರೆ ಉಪ್ಪಿನಕಾಯಿ, ತಲೆಯ ಮೇಲೆಯೇ ವಿಮಾನ ಇಳಿಯಿತು, ಚಕ್ರ ಬಿಚ್ಚಿಕೊಂಡು, ಕೆಳಗೆ ತಾಂಬರಂ ಕಡೆಗೆ ಲೋಕಲ್ ರೈಲು, ಇಪ್ಪತ್ತು ವರ್ಷ ನಾನು ಅದರಲ್ಲೇ ಹೋಗಿ ಬಂದವಳು, ಕಿಟಕಿಯಿಂದ ಈ ಗುಡ್ಡ ನೋಡಿಯೇ ಇರಲಿಲ್ಲ, ಸಂಜೆ ರೈಲಿನಲ್ಲಿ ತಲೆಯೊಳಗೆ ಸಾರೋ ಹುಳಿಯೋ ಕುದಿಯುತ್ತಿರುತ್ತಿತ್ತು, ನಲವತ್ತಾರಕ್ಕೆ ಓಡಲು ಶುರುಮಾಡಿದೆ, ಅತ್ತೆ ತೀರಿಕೊಂಡ ವರ್ಷ, ಯಾವ ದೊಡ್ಡ ಕಾರಣವೂ ಇಲ್ಲ, ಬೆಳಿಗ್ಗೆ ಹಾಲಿಗೆ ಹೋದವಳು ಸೀರೆಯಲ್ಲೇ ಒಂದು ಬೀದಿ ಓಡಿದೆ, ಚೆನ್ನಾಗಿತ್ತು, ಅಷ್ಟೇ — ಫೋನು ನಡುಗುತ್ತಿದೆ, ಅವರೇ, ಎತ್ತಬಾರದಿತ್ತು, ಎತ್ತಿದೆ. ಎಲ್ಲಿದೀಯೇ, ಫ್ಲಾಸ್ಕಿನಲ್ಲಿ ಕಾಫಿ ಆರಿ ತಣ್ಣೀರಾಯ್ತು, ನೀನೇನೂ ಅವಸರಪಡಬೇಡಮ್ಮಾ, ಮೆತುವಾಗಿ ಬಾ, ನಾನು ಆಗಲೇ ಅವರ ಹತ್ರ ಪೇಸಿಬಿಟ್ಟಿದ್ದೇನೆ, ಎಲ್ಲ ಮಾತಾಡಿ ಆಯ್ತು, ಲೇಟಾದರೂ ಪರವಾಗಿಲ್ಲ ಅಂದರು, ನಿನಗೇಂತ ಒಂದು ಮೆಡಲ್ ಎತ್ತಿಟ್ಟಿದ್ದಾರೆ. ಎತ್ತಿಟ್ಟಿದ್ದಾರೆ! ಅತ್ತೆ ಸತ್ತು ಐದು ವರ್ಷ, ಸೌಟು ಮಾತ್ರ ಮಗನ ಕೈಗೆ ಬಂದಿದೆ, ಕೆರೆದು ಕೆರೆದು, ಪ್ರೀತಿಯಿಂದಲೇ, ಅದೇ ಉರಿ, ಪ್ರೀತಿಯಿಂದಲೇ, ನಾನು ಇನ್ನೂ ಗುಡ್ಡದ ಮೇಲಿದ್ದೇನೆ, ನನಗೆ ಇನ್ನೂ ಸಮಯ ಇದೆ, ಸೋಲುವ ಮೊದಲೇ ಸಮಾಧಾನ ಮಾಡುತ್ತಾರೆ, ಎತ್ತಿಟ್ಟದ್ದು ಬೇಡ ರೀ, ವಾಪಸ್ಸು ಕೊಟ್ಟುಬಿಡಿ ಎಂದೆ, ಏನು, ಸರಿಯಾಗಿ ಕೇಳಿಸ್ತಾ ಇಲ್ಲ ಎಂದರು, ಇನ್ನೊಂದು ವಿಮಾನ, ಫೋನು ಆರಿಸಿ ಚೀಲಕ್ಕೆ ಹಾಕಿದೆ. ಸಿಟ್ಟು ಒಳ್ಳೆಯದು, ಬೆಲ್ಲದ ಹಾಗೆ ಕಾಲಿಗಿಳಿಯುತ್ತದೆ, ತುದಿ ಮುಟ್ಟಿದೆ, ನಾಲ್ಕೂ ಇಪ್ಪತ್ತೊಂದು, ಮೂರೂವರೆ ಕಿಲೋಮೀಟರ್, ಇಳಿಜಾರು, ನೀರಿಗಿಳಿದ ಮೇಲೆ ಚಳಿಯೇನು, ಇಳಿ, ಮಂಡಿ ಕಿರುಚಿಕೊಳ್ಳಲಿ, ಕುಂಡಿಯೂರಿ ಜಾರಿದೆ ಎರಡು ಕಡೆ, ಬಟ್ಟೆ ಹರಿಯಿತು, ಮೊಣಕೈಯಲ್ಲಿ ರಕ್ತ, ನೋಡುವುದಿಲ್ಲ, ಎಣಿಸುತ್ತೇನೆ, ಕೇಶವ ನಾರಾಯಣ ಮಾಧವ, ಇಪ್ಪತ್ತನಾಲ್ಕು ಹೆಸರಿಗೆ ಇಪ್ಪತ್ತನಾಲ್ಕು ಹೆಜ್ಜೆ, ಮತ್ತೆ ಕೇಶವ, ಗೋವಿಂದನ ಹತ್ತಿರ ಉಸಿರು ತಪ್ಪುತ್ತದೆ, ಮತ್ತೆ ಕೇಶವ, ಹಿಂದೆ ಪರ್ರ್ ಇಲ್ಲ, ಕೇಳಿಸುತ್ತಿಲ್ಲ, ಬೆಳಿಗ್ಗೆಯಿಂದ ಮೊದಲ ಸಲ ಅವನನ್ನು ಹಿಂದೆ ಹಾಕಿದ್ದೇನೆ.

ಮಣ್ಣು ರಸ್ತೆ, ಬಾವಿ, ಒಣಹಾಕಿದ ಬಟ್ಟೆ, ನಾಯಿ, ಓಡು, ನಾಲ್ಕೂ ಐವತ್ತಮೂರು, ಕಾಲೇಜಿನ ಕಾಂಪೌಂಡು, ಅದರ ಉದ್ದವೇ ಮುಗಿಯುವುದಿಲ್ಲ, ಯಾರೋ ಹೆಂಗಸು ಕೊಡ ಹಿಡಿದು ನಿಂತು ಓಡುಂಗಕ್ಕಾ ಓಡುಂಗ ಎಂದಳು, ಓಡುತ್ತಿದ್ದೇನಮ್ಮಾ, ಇದೇ ಓಟ, ನಾಲ್ಕೂ ಐವತ್ತೆಂಟು, ಗೇಟು, ಮೈದಾನ, ಆಚೆ ಕೊನೆಯಲ್ಲಿ ಗಾಳಿ ತುಂಬಿದ ಕಮಾನು, ಅದರ ಕೆಳಗೆ ಗಡಿಯಾರದ ಕೆಂಪು ಅಂಕಿ, ಕಾಣುತ್ತಿದೆ, ಹನ್ನೊಂದೂ ಐವತ್ತೊಂಬತ್ತು, ಅದರ ಪಕ್ಕ ಇಪ್ಪತ್ತು, ಇಪ್ಪತ್ತೊಂದು, ಕಾಲೇ, ನನ್ನಪ್ಪಾ, ಇನ್ನು ಅರ್ಧ ಮೈದಾನ, ನಲವತ್ತು, ಐವತ್ತು, ಎದೆ ಬಾಯಿಗೆ ಬಂತು, ಐವತ್ತೆಂಟು, ಐವತ್ತೊಂಬತ್ತು — ಸೊನ್ನೆಗಳು. ನನ್ನ ಕಣ್ಣೆದುರೇ ಸೊನ್ನೆಗಳಾದವು. ಮುಗಿಯಿತು. ನಿಲ್ಲಲಿಲ್ಲ, ಯಾಕೆ ನಿಲ್ಲಲಿ, ಇದೂ ದಾರಿಯೇ, ಇನ್ನೂ ಜೋರಾಗಿ ಓಡಿದೆ, ಅಳುತ್ತಿದ್ದೆನೋ ಏನೋ ತಿಳಿಯದು, ಕಮಾನಿನ ಕೆಳಗೆ ದಾಟಿದಾಗ ಹನ್ನೆರಡು ಗಂಟೆ ಮೂವತ್ತೆಂಟು ಸೆಕೆಂಡು, ಮಂಡಿಯ ಮೇಲೆ ಕೈಯೂರಿ ನಿಂತೆ, ಚಪ್ಪಾಳೆ, ಮೈಕು, ಅಂದಾನಿ ಗೇಟಿನಿಂದ ಚೀಲ ಹೊತ್ತು ಓಡಿ ಬರುತ್ತಿದ್ದಾನೆ, ಆಯ್ತಾ, ಅಕ್ಕ ಮುಟ್ಟಿದ್ರಾ ಟೈಮಿಗೆ, ಯಾರೋ ಇಲ್ಲ ಎಂದರು, ಛೆ ಎಂದು ಅಲ್ಲೇ ನೆಲಕ್ಕೆ ಕೂತ, ಅವನೊಬ್ಬನೇ ಚಪ್ಪಾಳೆ ತಟ್ಟಲಿಲ್ಲ, ಅವನ ಮೇಲೆ ಎಷ್ಟು ಪ್ರೀತಿ ಬಂತು. ನಮ್ಮವರು ಎದುರಿಗೆ ಬಂದರು, ಕಣ್ಣಲ್ಲಿ ನೀರು, ಕೈಯಲ್ಲಿ ಪದಕ, ನೀಲಿ ಪಟ್ಟಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದಾರೆ, ತಾವೇ ಹಾಕುತ್ತೇನೆ ಎಂದು ಕೇಳಿ ತಂದಿದ್ದಾರೆ, ಬಗ್ಗೇ, ಬಗ್ಗು ಸ್ವಲ್ಪ. ಸಮಯ ಆಗಿಹೋಯಿತು ರೀ. ಮೂವತ್ತೆಂಟು ಸೆಕೆಂಡು ಯಾರು ನೋಡ್ತಾರೇಮ್ಮಾ. ನಾನು ನೋಡ್ತೇನೆ. ಮಂಡಿಯ ಮೇಲಿನ ಕೈ ತೆಗೆದೆ, ಬೆನ್ನು ಒಂದೊಂದೇ ಮೂಳೆಯಾಗಿ ಎದ್ದಿತು, ನಿಂತೆ, ಮುಂದಿನ ವರ್ಷಕ್ಕೆ ಐವತ್ತೆರಡು, ಆಗಲಿ, ಅಕ್ಷಯಾ ಫೋಟೋ ತೆಗೆಯಲು ಹಿಡಿದಿದ್ದ ಫೋನು ಇಳಿಸಿದಳು, ಅಪ್ಪಾ ವಿಡುಪ್ಪಾ, ಬಿಟ್ಟುಬಿಡಿ ಎನ್ನುತ್ತಿದ್ದಾಳೆ, ನನ್ನ ಮಗಳು, ಅವರು ಕೈ ಇಳಿಸಿಲ್ಲ, ಬಗ್ಗೇ, ನೀಲಿ ಪಟ್ಟಿಯ ಉಂಗುರ ನನ್ನ ಮುಖದ ಮುಂದೆ, ಅದರ ನಡುವೆ ಅವರ ಮುಖ, ಬಗ್ಗು, ಕತ್ತಿಗೆ ಅಭ್ಯಾಸವಿದೆ, ಆದರೂ ಬಗ್ಗುವುದಿಲ್ಲ, ನೀಲಿ ಉಂಗುರ, ಗಾಳಿಯಲ್ಲಿ, ಬಗ್ಗುವುದಿಲ್ಲ, ಖಾಲಿ ಉಂಗುರ —