ಹದಿನೇಳನೇ ಪೀಪಾಯಿ

ರುಚಿ ನೋಡುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಹೊರಗಿನ ವಾಸನೆ ಒಳಗೆ ಬರಬಾರದೆಂದು ಅದನ್ನೂ ಮುಚ್ಚಿಯೇ ಇಡುತ್ತಿದ್ದರು. ಅಮೆರಿಕದಿಂದ ಪೀಪಾಯಿಗಳಲ್ಲಿ ಬರುವ, ರೈ ಎಂಬ ಗೋದಿಯಂಥ ಧಾನ್ಯದ ವಿಸ್ಕಿಯ ಹದ ನೋಡಿ ಬಾಟಲಿಗೆ ತುಂಬುವ ಕಂಪನಿ ಅದು. ನಾಲಿಗೆ ಇನ್ನೂ ಚುರುಕಾಗಿರುವ ಹೊತ್ತು ಎಂದು ಬೆಳಿಗ್ಗೆ ಹತ್ತಕ್ಕೇ ಕೆಲಸ ಶುರುವಾಗುತ್ತಿತ್ತು. ಅಲ್ಲಿ ಆರು ವರ್ಷದಿಂದ ಅವಳು ರುಚಿಗಾರ್ತಿ.

ಆ ಮಂಗಳವಾರ ಹದಿನೇಳನೇ ಪೀಪಾಯಿಯ ಸರದಿ. ಪ್ರಯೋಗಕ್ಕೆಂದು ತರಿಸಿದ ಮೂವತ್ತು ಲೀಟರಿನ ಪುಟ್ಟ ಪೀಪಾಯಿ, ಅವಳಿಗೆ ಅಚ್ಚುಮೆಚ್ಚು. ಮೆಕ್ಕೆಜೋಳದ ವಿಸ್ಕಿಯಾದರೆ ಸಿಹಿಯಾಗಿ ಬೆನ್ನು ಸವರುತ್ತದೆ. ರೈ ಹಾಗಲ್ಲ, ಮೊದಲ ಗುಟುಕಿಗೇ ಎದುರು ಮಾತಾಡುತ್ತದೆ. ಕಾಳುಮೆಣಸು, ಲವಂಗ, ಅದರ ಬೆನ್ನಿಗೇ ಕಿತ್ತಳೆ ಸಿಪ್ಪೆಯ ಕಹಿ, ಕೊನೆಯಲ್ಲಿ ಸುಟ್ಟ ಮರದ ಒಣ ಬಿಸಿ. ಅಲ್ಲಿದ್ದ ರೈ ಪೀಪಾಯಿಗಳಲ್ಲೆಲ್ಲ ಹದಿನೇಳು ದೊಡ್ಡ ಜಗಳಗಂಟಿ. ಆದರೆ ಅವತ್ತು ಅದು ಬೈಸಿಕೊಂಡ ಮಗುವಿನ ಹಾಗೆ ಸುಮ್ಮನಿತ್ತು. ಮೆಣಸು ಇತ್ತು, ಖಾರವಿರಲಿಲ್ಲ. ಬಾಯಲ್ಲಿದ್ದದ್ದನ್ನು ಉಗುಳಿ, ನೀರು ಮುಕ್ಕಳಿಸಿ, ಇನ್ನೊಮ್ಮೆ ನೋಡಿದಳು. ಅದೇ.

ಮದ್ಯಸಾರ ಅಳೆಯುವ ಗಾಜಿನ ಕಡ್ಡಿಯನ್ನು ತೇಲಿಬಿಟ್ಟಳು. ನೂರಕ್ಕೆ ಐವತ್ತೊಂಬತ್ತು. ಹೋದ ತಿಂಗಳು ಅರವತ್ತೆರಡು ಇತ್ತು. ಪಕ್ಕದ ಹದಿನಾರು, ಹದಿನೆಂಟು ಎರಡೂ ಕದಲಿರಲಿಲ್ಲ.

"ನೀರು ಬಿದ್ದಿದೆ," ಎಂದರು ಮುಖ್ಯ ರುಚಿಗಾರ್ತಿ. ಹಿಂದಿನಿಂದ ಎಲ್ಲರೂ ಅವರನ್ನು ಮೂಗಮ್ಮ ಎನ್ನುತ್ತಿದ್ದರು, ಎದುರಿಗೆ ಮೇಡಂ. "ಯಾರೋ ಕುಡಿದು ನೀರು ತುಂಬಿಸಿದ್ದಾರೆ. ಗೋದಾಮಿನ ಬೀಗದ ಕೈ ಯಾರ ಹತ್ರ ಇರುತ್ತೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಆದರೂ ಅವಳೇ ಹೇಳಬೇಕಾಯಿತು. "ಚಿಕ್ಕಪ್ಪನ ಹತ್ರ."

ಮೂಗಮ್ಮ ಲೋಟದ ಮೇಲೆ ಗಾಜಿನ ಮುಚ್ಚಳ ಇಟ್ಟರು. "ನಾಳೆ ಸಂಜೆವರೆಗೆ ನಾನು ಯಾರಿಗೂ ಹೇಳಲ್ಲ. ಅಷ್ಟರಲ್ಲಿ ನೀನು ವಿಚಾರಿಸು. ಆಮೇಲೆ ನನ್ನ ಕೈಲಿಲ್ಲ."

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು ಈ ಚಿಕ್ಕಪ್ಪನೇ. ಒಂದು ಕಾಲಕ್ಕೆ ಇದೇ ಕೋಣೆಯಲ್ಲಿ, ಇದೇ ಮೇಜಿನ ಎದುರು, ಎಲ್ಲರಿಗಿಂತ ಸೂಕ್ಷ್ಮ ಮೂಗಿನವನೆಂದು ಹೆಸರು ಮಾಡಿದ್ದ. ಆಮೇಲೆ ಉಗುಳಬೇಕಾದ್ದನ್ನು ನುಂಗತೊಡಗಿದ. ಮನೆಗೂ ತಂದ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ಕರೆದುಕೊಂಡು ಹೋಗಲು ಬರಬೇಕಾದವನು ಬರಲೇ ಇಲ್ಲ. ಎಲ್ಲ ಮಕ್ಕಳೂ ಹೋದ ಮೇಲೆ ಆಯಾ ಗೇಟಿಗೆ ಚಿಲಕ ಹಾಕಿದ್ದು ಅವಳಿಗೆ ಈಗಲೂ ಕೇಳಿಸುತ್ತದೆ. ಹನ್ನೊಂದು ವರ್ಷದ ಹಿಂದೆ ಅವನು ಕುಡಿತ ಬಿಟ್ಟ. ತಾನಾಗಿಯೇ ಕೇಳಿಕೊಂಡು ಗೋದಾಮಿನ ಕೆಲಸಕ್ಕೆ ಹೋದ. ಮುನ್ನೂರು ಪೀಪಾಯಿಗಳ ನಡುವೆ ಒಣಗಿದ ಬಾಯಲ್ಲಿ ಕೂರುವವನನ್ನು ಕಂಡು ಜನ ನಕ್ಕರು. ಅವನೂ ನಕ್ಕ.

ಸಂಜೆ ಅಡುಗೆಮನೆಯಲ್ಲಿ ಚಿಕ್ಕಮ್ಮ ತಟ್ಟೆ ಒರೆಸುತ್ತಿದ್ದಳು. ಅವಳು ಹತ್ತಿರ ಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು, "ಚಿಕ್ಕಪ್ಪ ಹೇಗಿದಾನೆ ಈಚೆಗೆ?"

ಚಿಕ್ಕಮ್ಮನ ಕೈ ನಿಂತಿತು. "ಯಾಕೆ, ಏನಾಯ್ತು?"

"ಏನಿಲ್ಲ, ಸುಮ್ನೆ."

"ಸುಮ್ನೆ ಕೇಳೋಳಲ್ಲ ನೀನು." ಚಿಕ್ಕಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಒಂದು ತಿಂಗಳಿಂದ ಬೆಳಿಗ್ಗೆ ಒಂದು ಗಂಟೆ ಮುಂಚೇನೇ ಹೊರಡ್ತಾರೆ. ಕೇಳಿದ್ರೆ ಕೆಲಸ ಅಂತಾರೆ. ಮುಖದಲ್ಲಿ ಏನೋ ಗೆಲುವು ಬೇರೆ. ಆ ಗೆಲುವು ನೋಡಿದ್ರೇ ನಂಗೆ ಕೈಕಾಲು ತಣ್ಣಗಾಗುತ್ತೆ."

ಊಟಕ್ಕೆ ಕೂತಾಗ ಅವಳು ಬೇಕೆಂದೇ ಚಿಕ್ಕಪ್ಪನ ಪಕ್ಕದ ಕುರ್ಚಿ ಎಳೆದುಕೊಂಡಳು. ನೀರಿನ ಜಗ್ ತೆಗೆದುಕೊಳ್ಳುವ ನೆಪದಲ್ಲಿ ಅವನ ಮುಖದ ಹತ್ತಿರ ಬಾಗಿದಳು. ಉಸಿರಿನಲ್ಲಿ ಏನೂ ಇರಲಿಲ್ಲ. ಆದರೆ ಶರ್ಟಿನ ತೋಳಿನಲ್ಲಿ ಲವಂಗವಿತ್ತು, ಸುಟ್ಟ ಮರವಿತ್ತು. ಅನುಮಾನವೇ ಬೇಡ, ರೈ. ಗೋದಾಮಿನವನ ಬಟ್ಟೆಯಲ್ಲಿ ಇರದೆ ಇನ್ನೆಲ್ಲಿರುತ್ತದೆ ಎಂದು ಮನಸ್ಸು ಹೇಳಿತು. ತೋಳಿಗೇ ಯಾಕೆ ತಾಗಬೇಕು ಎಂದೂ ಅದೇ ಮನಸ್ಸು ಕೇಳಿತು.

"ಏನಮ್ಮಾ, ನಿನ್ನ ಮೂಗು ಮನೇಲೂ ಡ್ಯೂಟಿ ಮಾಡ್ತಿದೆಯಾ?" ಎಂದು ಚಿಕ್ಕಪ್ಪ ನಕ್ಕ. ಅವಳಿಗೆ ನಗು ಬರಲಿಲ್ಲ. ಇಷ್ಟು ಬೇಗ ಗಮನಿಸಿದನೆಂದರೆ ಬಚ್ಚಿಡಲು ಏನೋ ಇದೆ ಎಂದೇ ಅನಿಸಿತು.

ಮರುದಿನ ಏಳು ಗಂಟೆಗೇ ಅವಳು ಕಂಪನಿಯ ಹಿಂಬಾಗಿಲಲ್ಲಿ ಒಳಹೊಕ್ಕಳು. ಗೋದಾಮಿನ ಕದ ಓರೆ ತೆರೆದಿತ್ತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಪೀಪಾಯಿಗಳ ಸಾಲಿನ ಮರೆಯಲ್ಲಿ ನಡೆದಳು. ಸಿಮೆಂಟಿನ ನೆಲ ಕಾಲಿಗೆ ಕೊರೆಯುತ್ತಿತ್ತು.

ಹದಿನೇಳರ ಎದುರು ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತಿದ್ದ. ಬಿರಡೆ ತೆಗೆದಿತ್ತು. ಮೊಣಕಾಲ ಮೇಲೆ ಒಂದು ನೋಟ್‌ಬುಕ್, ಕೈಯಲ್ಲಿ ಬಾಯಿ ಕಿರಿದಾದ ಗಾಜಿನ ಲೋಟ, ಪಕ್ಕದಲ್ಲಿ ನೀರಿನ ಪಾತ್ರೆ. ಅವನು ಕಣ್ಣು ಮುಚ್ಚಿದ್ದ. ಅಂಥ ನೆಮ್ಮದಿಯ ಮುಖವನ್ನು ಅವಳು ಹಿಂದೆ ನೋಡಿದ್ದಳು, ಕೆಟ್ಟ ದಿನಗಳಲ್ಲಿ. ಅವನು ಎದ್ದು ನಿಂತು ಲೋಟ ಎತ್ತಿದ.

"ಚಿಕ್ಕಪ್ಪಾ!"

ಲೋಟ ಅಲುಗಿ ವಿಸ್ಕಿ ಅವನ ತೋಳಿನ ಮೇಲೆ ಚೆಲ್ಲಿತು.

"ಕುಡಿದಿಲ್ಲ," ಎಂದ ಅವನು, ಅವಳು ಕೇಳುವ ಮೊದಲೇ.

"ಎಲ್ಲ ಕುಡುಕರೂ ಹಾಗೇ ಹೇಳ್ತಾರೆ."

"ಹೌದು. ನಾನೂ ಹೇಳ್ತಿದ್ದೆ."

"ಹನ್ನೊಂದು ವರ್ಷ! ಚಿಕ್ಕಮ್ಮಂಗೆ ಏನಂತ ಹೇಳ್ಲಿ ನಾನು? ಬರೀ ನೀರು ತುಂಬಿಸಿದ್ರೆ ಗೊತ್ತಾಗಲ್ಲ ಅನ್ಕೊಂಡ್ಯಾ? ನಿನ್ನ ಜೊತೆಗೇ ಬೆಳೆದೋಳಲ್ವಾ ನಾನು?"

ಚಿಕ್ಕಪ್ಪ ಗೋಡೆಗೆ ಒರಗಿಸಿದ್ದ ಅಳತೆ ಕೋಲನ್ನು ಅವಳ ಕೈಗಿತ್ತ. ಅವಳು ಸಿಟ್ಟಿನಲ್ಲೇ ಅದನ್ನು ಪೀಪಾಯಿಗೆ ಇಳಿಸಿ ಮೇಲೆತ್ತಿದಳು. ಹೋದ ತಿಂಗಳು ಅವಳೇ ಹಾಕಿದ್ದ ಗುರುತು ಕೋಲಿನ ಮೇಲಿತ್ತು. ಒದ್ದೆ ಅದಕ್ಕಿಂತ ಒಂದು ಬೆರಳು ಮೇಲೆ ಹತ್ತಿತ್ತು. ಕುಡಿಯುವವನು ಕಡಿಮೆ ಮಾಡುತ್ತಾನೆ, ಹೆಚ್ಚೆಂದರೆ ಮೊದಲಿನಷ್ಟೇ ತುಂಬಿಸಿಡುತ್ತಾನೆ. ಇಲ್ಲಿ ವಿಸ್ಕಿ ಹೆಚ್ಚಾಗಿತ್ತು.

"ದಿನಾ ಒಂದು ಲೋಟ ತೆಗೀತೀನಿ," ಎಂದ ಚಿಕ್ಕಪ್ಪ. "ಅಷ್ಟೇ ನೀರು ಬೆರೆಸ್ತೀನಿ. ನೀರು ಬೀಳದೆ ಇದು ಮನಸ್ಸು ಬಿಚ್ಚಲ್ಲ, ಒಳಗಿನ ವಾಸನೆ ಮೇಲೆ ಬರಲ್ಲ, ನಿಂಗೆ ಗೊತ್ತಲ್ಲ. ಮೂಸಿ ನೋಡ್ತೀನಿ, ಬರೀತೀನಿ, ವಾಪಸ್ ಸುರೀತೀನಿ. ಇಂಥಾದ್ದನ್ನ ಮೋರಿಗೆ ಚೆಲ್ಲೋಕೆ ಕೈ ಬರಲ್ಲ ಕಣೇ. ಒಂದು ಸಣ್ಣ ಲೋಟ ನೀರು, ಯಾರಿಗೆ ಗೊತ್ತಾಗುತ್ತೆ ಅನ್ಕೊಂಡೆ."

"ಯಾಕೆ? ಯಾಕೆ ಬೇಕಿತ್ತು ಇದೆಲ್ಲ?"

"ಕುಡಿಯೋದು ಬಿಟ್ಟೆ. ವಾಸನೆ ಬಿಡೋಕೆ ಆಗ್ಲಿಲ್ಲ. ಇಷ್ಟು ವರ್ಷ ಇಲ್ಲೇ ಕೂತು ಬಿರಡೆ ಮುಟ್ಟಿರಲಿಲ್ಲ. ಇದು ಬಂದಾಗ ಇಳಿಸೋ ಗಡಿಬಿಡೀಲಿ ಒಂದು ತೊಟ್ಟು ಕೈಗೆ ತಾಗ್ತು. ಪುದೀನ. ಒಣಗಿದ್ದಲ್ಲ, ಬೆಳಿಗ್ಗೆ ಚಿವುಟಿದ್ದು. ಅದರ ಹಿಂದೆ ಹೆಂಚಿನ ಮೇಲೆ ಸ್ವಲ್ಪ ಕಪ್ಪಾದ ಬ್ರೆಡ್ಡು. ಮಾರನೇ ದಿನ ತಡೆಯೋಕೆ ಆಗ್ಲಿಲ್ಲ."

ಅವಳು ನೋಟ್‌ಬುಕ್ ತಿರುವಿದಳು. ಮೂವತ್ತಮೂರು ಪುಟ, ದಿನಕ್ಕೊಂದು. ಪುದೀನ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಈಗ ಲೋಟದ ತಳದಲ್ಲಿ ಉಳಿದದ್ದನ್ನು ಮೂಸಿದರೆ, ಲವಂಗದ ಮರೆಯಲ್ಲಿ, ತಣ್ಣಗೆ, ಇತ್ತು. ಆದರೂ ಎದೆಯೊಳಗಿನ ಮುಳ್ಳು ಅಲ್ಲಾಡಲಿಲ್ಲ. ಇವತ್ತು ಸುರಿಯಲು ಹೊರಟಿದ್ದ, ಸರಿ. ಎಲ್ಲ ದಿನವೂ ಎಲ್ಲವನ್ನೂ ಸುರಿದನೇ?

"ಮೇಡಂಗೆ ಹೇಳ್ಬೇಕು," ಎಂದಳು.

"ಹೇಳು. ನಾನೂ ಬರ್ತೀನಿ."

ಮೂಗಮ್ಮ ಪೂರ್ತಿ ಕೇಳಿಸಿಕೊಂಡರು. ನಂಬಿದರೋ ಬಿಟ್ಟರೋ ಮುಖದಲ್ಲಿ ಕಾಣಲಿಲ್ಲ. ಒಳಗೆ ಹೋಗಿ, ಐದು ಲೋಟ ತಂದು, ಸಾಲಾಗಿ ಇಟ್ಟರು. "ಮೂಸಿ ಹೇಳಿ. ಬಾಯಿಗೆ ತಾಗಿಸಿದ್ರೆ ಮಾತು ಅಲ್ಲಿಗೇ ಮುಗೀತು."

ಅವನು ಹನ್ನೊಂದು ವರ್ಷದ ನಂತರ ಆ ಮೇಜಿನ ಎದುರು ಕೂತ. ಕೈ ನಡುಗುತ್ತಿತ್ತು. ನಡುಕ ಹೆದರಿಕೆಯದೋ ಹಳೇ ಚಟದ್ದೋ ಎಂದು ಅವಳು ಕಣ್ಣು ಕೀಲಿಸಿ ನೋಡುತ್ತ ನಿಂತಳು.

"ಇದು ಮೆಕ್ಕೆಜೋಳದ್ದು, ರೈ ಅಲ್ಲ. ಇದು ರೈ, ಎಳೇದು, ಮರ ಇನ್ನೂ ಹಸಿ ಇದೆ." ಮೂರನೆಯದರ ಮೇಲೆ ಬಹಳ ಹೊತ್ತು ಬಾಗಿದ. "ಇದು ನಾನು ಹಾಳು ಮಾಡಿದ್ದು." ನಾಲ್ಕನೆಯದು ಹದಿನೆಂಟು ಎಂದ. ಐದನೆಯದನ್ನು ಮೂಸಿ ತಲೆ ಎತ್ತಿದ. "ಇದೂ ಹದಿನೇಳೇ. ಆದ್ರೆ ನಾನು ಮುಟ್ಟೋಕೆ ಮುಂಚಿಂದು. ಹಳೇ ಮಾದರಿ ಇಟ್ಟಿದ್ರಾ?"

ಐದಕ್ಕೆ ಐದೂ ಸರಿಯಿತ್ತು. ಮೂಗಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಬೀಗದ ಕೈ ಮೇಜಿನ ಮೇಲಿಡಿ," ಎಂದರು ಅಷ್ಟೇ.

ಎರಡು ತಿಂಗಳು ಚಿಕ್ಕಪ್ಪ ಬಾಟಲಿಗೆ ಚೀಟಿ ಅಂಟಿಸುವ ವಿಭಾಗದಲ್ಲಿದ್ದ. ಗೋದಾಮಿಗೆ ಬೇರೆಯವರು ಬಂದರು. ಮನೆಯಲ್ಲಿ ಚಿಕ್ಕಮ್ಮ ಎಲ್ಲ ಕೇಳಿ ಒಂದು ವಾರ ಅವನೊಡನೆ ಮಾತು ಬಿಟ್ಟಳು. ಆಮೇಲೆ ಮೂಗಮ್ಮನೇ ಅವನನ್ನು ಕರೆಸಿದರು: ದಿನಾ ಬೆಳಿಗ್ಗೆ ಒಂದು ಗಂಟೆ, ಮೂಸುವುದು ಮಾತ್ರ, ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರಬೇಕು.

ಆ ಒಬ್ಬರು ಅವಳೇ. ಅವನು ಹೇಳುತ್ತ ಹೋಗುತ್ತಾನೆ, ಅವಳು ಬರೆದುಕೊಳ್ಳುತ್ತಾಳೆ, ಕಲಿಯುತ್ತಾಳೆ. ಹಸಿ ಮರದ ಹಿಂದಿನ ಬಾದಾಮಿಯೂ, ಕಿತ್ತಳೆಯ ಹಿಂದಿನ ಸೋಂಪೂ ಈಗ ಅವಳಿಗೂ ಸಿಗುತ್ತವೆ. ಕೆಲಸ ಮುಗಿದು ಅವನು ಏಳುವಾಗ ಮಾತ್ರ, ಬೇಡಬೇಡವೆಂದರೂ, ಅವಳ ಕಣ್ಣು ಅವನ ಲೋಟದ ಮಟ್ಟದ ಮೇಲೆ ಹೋಗುತ್ತದೆ. ಒಂದು ದಿನ ಅವನ ಕೈಗೆ ಸಿಕ್ಕಿಬಿದ್ದಳು. ಮುಖ ಕೆಂಪಾಯಿತು.

"ತಪ್ಪು ತಿಳ್ಕೋಬೇಡ ಚಿಕ್ಕಪ್ಪ..."

"ನೋಡು," ಎಂದ ಅವನು, ಲೋಟವನ್ನು ಅವಳ ಕಡೆ ಸರಿಸಿ. "ದಿನಾ ನೋಡು. ಮರೀಬೇಡ. ನಾನೂ ಅದನ್ನೇ ನೋಡ್ತಿರ್ತೀನಿ."