ಸುವೆಂದ್ರಿಯ ಹಾಲುಹಲ್ಲು

ಹಲ್ಲು ತೀಡುವ ಶಾಸ್ತ್ರಕ್ಕೆ ಐದು ದಿನ ಇರುವಾಗ ಗುಣಾದಿ ಅಜ್ಜ ತೀಡಿಸಿಕೊಳ್ಳುವವರ ಬಾಯಿ ನೋಡಿಕೊಂಡು ಹೋಗಲು ಬಂದ. ಬಂಗ್ಲಿ ಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ನಲವತ್ತು ವರ್ಷದಿಂದ ಹಲ್ಲು ತೀಡುವ ಅರ ಹಿಡಿದವನು ಅವನು. ಮೇಲಿನ ಸಾಲಿನ ನಾಲ್ಕು ಮುಂದಿನ ಹಲ್ಲು, ಎರಡು ಕೋರೆಹಲ್ಲು, ಒಟ್ಟು ಆರರ ಚೂಪನ್ನು ಅವನು ತೀಡಿ ಸಮ ಮಾಡಿದರೆ ಒಳಗಿನ ಅರಿಷಡ್ವರ್ಗಗಳೂ ಅಷ್ಟರಮಟ್ಟಿಗೆ ತಗ್ಗಿ, ಆ ಹುಡುಗನೋ ಹುಡುಗಿಯೋ ದೊಡ್ಡವರ ಸಾಲಿಗೆ ಸೇರಿದ ಹಾಗೆ.

ಈ ಸಲ ತೀಡಿಸಿಕೊಳ್ಳುವವರು ಇಬ್ಬರು. ಹದಿನೇಳರ ವಿರ್ಯ, ಮತ್ತು ಅವನ ತಾಯಿ ಸುವೆಂದ್ರಿ. ಅವಳಿಗೆ ಮೂವತ್ತೆಂಟು. ಹದಿನೇಳರಲ್ಲಿ ಅವಳಿಗೂ ದಿನ ಗೊತ್ತಾಗಿತ್ತು. ಆದರೆ ಅಜ್ಜಿ ತೀರಿಕೊಂಡು ಸೂತಕ ಬಂತು. ಮರುವರ್ಷ ಚಿಕ್ಕಪ್ಪ ಹೋದ. ಅದರ ಮರುವರ್ಷ ಅವಳು ಸುತೇಜನನ್ನು ಮದುವೆಯಾಗಿ ಈ ಮನೆಗೆ ಬಂದಳು. ಬಸುರಿ, ಬಾಣಂತಿ, ಮನೆ, ಹಟ್ಟಿ ಎನ್ನುವುದರಲ್ಲಿ ಅವಳ ಹಲ್ಲಿನ ನೆನಪು ಯಾರಿಗೂ ಬರಲಿಲ್ಲ. ಈಗ ಮಗನ ಜೊತೆಗೇ ಮುಗಿಸಿಬಿಡೋಣ ಎಂದು ಅತ್ತೆ ರಂತಿ ನಿಶ್ಚಯಿಸಿದ್ದಳು. ನಿಶ್ಚಯ ಅತ್ತೆಯದು, ಕೆಲಸ ಸುವೆಂದ್ರಿಯದು. ಮೂರು ವಾರದಿಂದ ಅವಳು ತೆಂಗಿನ ಎಳೆಗರಿ ಸೀಳಿ ನೈವೇದ್ಯದ ತಟ್ಟೆ ಹೆಣೆಯುತ್ತಿದ್ದಳು, ಅಕ್ಕಿಹಿಟ್ಟಿನ ಬಣ್ಣಬಣ್ಣದ ತಿಂಡಿ ಕರಿಯುತ್ತಿದ್ದಳು, ಊಟಕ್ಕೆ ಹಂದಿ ಯಾರು ತರುತ್ತಾರೆ, ಕುರ್ಚಿ ಯಾರು ಕೊಡುತ್ತಾರೆ ಎಂದು ಓಡಾಡುತ್ತಿದ್ದಳು.

ಅಜ್ಜ ವಿರ್ಯನ ಬಾಯಿ ನೋಡಿ, "ಹ್ಞೂಂ, ಗಟ್ಟಿ ಇದಾವೆ," ಎಂದ. ಸುವೆಂದ್ರಿ ಕೈಯಲ್ಲಿನ ಗರಿ ಕೆಳಗಿಡದೆಯೇ ಬಾಯಿ ತೆರೆದಳು. ಅಜ್ಜ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ. ಮತ್ತೆ ತಿರುಗಿಸಿದ. ತುಟಿ ಎತ್ತಿ ಎಡಗಡೆಯ ಕೋರೆಹಲ್ಲಿನ ಮೇಲೆ ಉಗುರಿನಿಂದ ಕುಟ್ಟಿದ.

"ಇದೇನಮ್ಮ ಇದು?"

"ಯಾವುದು?"

"ಇದು ಹಾಲುಹಲ್ಲು. ನೋಡು, ಅಕ್ಕಿಕಾಳಿನಷ್ಟಿದೆ, ಬಣ್ಣ ಬೇರೆ ಬೆಳ್ಳಗೆ. ಬಿದ್ದೇ ಇಲ್ಲ ನಿಂದು. ನಾನು ಹಾಲುಹಲ್ಲಿಗೆ ಅರ ಹಾಕಲ್ಲ. ಎಳೇ ಮಕ್ಕಳಿಗೆ ಮಾಡೋ ಶಾಸ್ತ್ರ ಅಲ್ಲ ಇದು."

ಗರಿ ಸೀಳುತ್ತಿದ್ದ ಹೆಂಗಸರೆಲ್ಲ ಒಮ್ಮೆಗೆ ತಿರುಗಿ ನೋಡಿದರು. ಎಡಗಡೆ ಹಲ್ಲು ಸಣ್ಣದು ಎಂದು ಸುವೆಂದ್ರಿಗೆ ಗೊತ್ತಿತ್ತು. ನಕ್ಕಾಗ ಚೆನ್ನಾಗಿ ಕಾಣುತ್ತೆ ಎಂದು ಸುತೇಜ ಹಿಂದೊಮ್ಮೆ ಹೇಳಿದ್ದ. ಅದು ಹಾಲುಹಲ್ಲು ಎಂದು ಹೇಳಿದವರು ಯಾರೂ ಇರಲಿಲ್ಲ.

ತರಕಾರಿ ಲಾರಿ ನಿಲ್ಲಿಸಿ ಊಟಕ್ಕೆ ಬಂದ ಸುತೇಜ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಬಾಲ್ಯವಿವಾಹ ಆಗ್ಬಿಟ್ನಲ್ಲಪ್ಪ ನಾನು! ಆರರಲ್ಲಿ ಯಾವ ಹಲ್ಲಂತೆ? ಕ್ರೋಧದ್ದಾ? ಅದೊಂದು ಬೀಳಲ್ಲ ಬಿಡಿ, ನಂಗೊತ್ತು."

ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಪಾಪು, ಊಟ ಆಯ್ತಾ?" ಎಂದು ಕೂಗಿದಳು.

ಮರುದಿನ ಎಲ್ಲ ಕೆಲಸ ಬಿಟ್ಟು ಅವಳು ಪೇಟೆಯ ದಂತವೈದ್ಯೆ ಪಾರಮಿತಾಳ ಹತ್ತಿರ ಹೋದಳು. ವೈದ್ಯೆ ಎಕ್ಸ್‌ರೇ ತೆಗೆಸಿ ಗೋಡೆಯ ದೀಪದ ಮೇಲೆ ಅಂಟಿಸಿದಳು. ತನ್ನದೇ ದವಡೆಯನ್ನು ಹೀಗೆ ಮಾಂಸವಿಲ್ಲದೆ ನೋಡಿ ಸುವೆಂದ್ರಿಗೆ ಕಸಿವಿಸಿಯಾಯಿತು.

"ಹಾಲುಹಲ್ಲು ವಯಸ್ಸಾಯ್ತು ಅಂತ ತಾನಾಗೇ ಬೀಳಲ್ಲ," ಎಂದಳು ವೈದ್ಯೆ. "ಅದರ ಹಿಂದೆ ಹೊಸ ಹಲ್ಲು ಬರ್ತಾ ಬರ್ತಾ ಹಳೇದರ ಬೇರನ್ನ ಕರಗಿಸ್ತಾ ಬರತ್ತೆ. ಬೇರು ಹೋದ್ಮೇಲೆ ಅಲ್ಲಾಡಿ ಬೀಳತ್ತೆ. ಆರು ವರ್ಷಕ್ಕೆ ಮುಂದಿಂದು ಶುರು, ಮೇಲಿನ ಕೋರೆಹಲ್ಲು ಬರೋ ಹೊತ್ತಿಗೆ ಹನ್ನೊಂದು, ಹನ್ನೆರಡು. ನಿಮ್ಮ ಕೋರೆಹಲ್ಲು ದಾರಿ ತಪ್ಪಿದೆ. ಇಲ್ನೋಡಿ, ಅಂಗುಳಲ್ಲಿ ಅಡ್ಡಡ್ಡ ಮಲಗಿದೆ. ಅದು ತಳ್ಳಲಿಲ್ಲ, ಇದು ಬೀಳಲಿಲ್ಲ."

ಬಿಳಿ ಹಲ್ಲೊಂದು ಮಲಗಿದ ಮೀನಿನ ಹಾಗೆ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು. ಇಪ್ಪತ್ತೇಳು ವರ್ಷದಿಂದ ತನ್ನ ಬಾಯೊಳಗೆ ಮಲಗಿಕೊಂಡಿರುವುದು.

"ಇದನ್ನ ಕಿತ್ತರೆ ಅದು ಇಳಿಯತ್ತಾ?"

"ಈ ವಯಸ್ಸಲ್ಲಿ ತಾನಾಗಿ ಇಳಿಯಲ್ಲ. ಸುಮ್ನೆ ಸಂದು ಬೀಳತ್ತೆ. ಈ ಹಾಲುಹಲ್ಲಿನ ಬೇರು ಇನ್ನೂ ಗಟ್ಟಿಯಾಗಿದೆ, ಇರಲಿ ಬಿಡಿ. ಇನ್ನೂ ಹತ್ತಾರು ವರ್ಷ ಬಂದ್ರೂ ಬಂತು. ಮೇಲೆಮೇಲೆ ತೀಡಿದ್ರೆ ಏನೂ ಆಗಲ್ಲ."

ಸುವೆಂದ್ರಿ ಆ ಮಾತು ಹಿಡಿದುಕೊಂಡು ನೇರ ಗುಣಾದಿ ಅಜ್ಜನ ಮನೆಗೆ ಹೋದಳು. ಅಜ್ಜ ಹುಂಜಕ್ಕೆ ಜೋಳ ಹಾಕುತ್ತಿದ್ದ.

"ಡಾಕ್ಟರಿಗೆ ಶಾಸ್ತ್ರ ಏನು ಗೊತ್ತು? ಹಾಲುಹಲ್ಲಿಗೆ ನಾನು ಅರ ಮುಟ್ಟಿಸಲ್ಲ."

"ಸರಿ, ಕೀಳಿಸಿಬಿಡ್ತೀನಿ. ಉಳಿದ ಐದು ತೀಡಿ."

"ಐದು ತೀಡೋದು ಎಲ್ಲಿದೆ? ಆರು ಅಂದ್ರೆ ಆರು."

"ಇಟ್ಕೊಂಡ್ರೂ ಆಗಲ್ಲ, ಕಿತ್ತರೂ ಆಗಲ್ಲ. ಮತ್ತೆ ನಾನೇನು ಮಾಡಲಿ ಅಜ್ಜಾ?"

ಅಜ್ಜ ಕೈಗಂಟಿದ ಜೋಳ ಕೊಡವಿದ. "ಹೊಸ ಹಲ್ಲು ಬರೋ ತನಕ ಕಾಯಿ," ಎಂದ.

ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಸುವೆಂದ್ರಿ ತನ್ನಷ್ಟಕ್ಕೇ ಬೈದುಕೊಳ್ಳುತ್ತ ಬಂದಳು. ಮನೆಯಲ್ಲಿ ಅತ್ತೆ, "ಅಜ್ಜ ಹೇಳಿದ್ಮೇಲೆ ಆಯ್ತು. ವಿರ್ಯಂದು ಮಾಡಿ ಮುಗಿಸೋಣ, ನಿಂದು ಆಮೇಲೆ ನೋಡಿದ್ರಾಯ್ತು," ಎಂದಳು. ಅದೇ ಉಸಿರಿನಲ್ಲಿ, "ಹಳದಿ ಸೀರೆಬಟ್ಟೆ ಎಲ್ಲಿಟ್ಟಿದ್ದೀಯ?" ಎಂದೂ ಕೇಳಿದಳು.

ಸುವೆಂದ್ರಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಂಗೇನು ಗೊತ್ತು ಅತ್ತೆ? ನಾನು ಚಿಕ್ಕೋಳು. ದೊಡ್ಡೋರನ್ನ ಕೇಳಿ."

ಅಷ್ಟು ಹೇಳಿ ಅವಳು ಅಂಗಳದಾಚೆ ಮಕ್ಕಳು ಕೂತಿದ್ದ ಜಗಲಿಗೆ ಹೋಗಿ, ಹತ್ತು ವರ್ಷದ ಮಗಳು ಸಸಿಯ ಪಕ್ಕ ಕಾಲು ಇಳಿಬಿಟ್ಟು ಕೂತು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿನ್ನತೊಡಗಿದಳು.

ಅತ್ತೆ ಮೊದಲು ನಕ್ಕಳು. ಮರುದಿನ ನಗಲಿಲ್ಲ. ಹಂದಿಯವನು ಬಂದು ಎಷ್ಟು ತೂಕದ್ದು ಬೇಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೆಣೆದ ತಟ್ಟೆಗಳಲ್ಲಿ ಯಾವುದು ಗುಡಿಗೆ, ಯಾವುದು ನೆಲದ ಮೇಲೆ ಭೂತಗಳಿಗೆ, ಯಾರಿಗೂ ಗೊತ್ತಿಲ್ಲ. ಯಾರೋ ತಿಂಡಿಯ ಡಬ್ಬದ ಮುಚ್ಚಳ ತೆಗೆದಿಟ್ಟಿದ್ದರಿಂದ ಇರುವೆ ಮುತ್ತಿತು. ಸುತೇಜ ಜಗಲಿಯ ಹತ್ತಿರ ಬಂದು ದನಿ ತಗ್ಗಿಸಿ, "ಏ, ಸಾಕು ಬಾರೇ. ತಮಾಷೆಗೆ ಅಂದೆ," ಎಂದ.

"ಮಕ್ಕಳ ಹತ್ರ ದೊಡ್ಡೋರ ಮಾತೇನು? ಹೋಗು."

"ಅಮ್ಮಾ, ನನ್ನ ಶಾಸ್ತ್ರ ಹಾಳಾಗತ್ತೆ," ಎಂದು ವಿರ್ಯ ಅಂಗಲಾಚಿದ. ಅವನ ಮುಖ ನೋಡಿ ಅವಳಿಗೆ ಒಂದು ಕ್ಷಣ ಏಳೋಣ ಅನಿಸಿತು. ಆದರೆ ಹಲ್ಲಿನ ಸುದ್ದಿ ಕೇಳಿ ಹಟ್ಟಿಯಲ್ಲಿ ಮೊದಲು ಕಿಸಕ್ಕೆಂದವನು ಅವನೇ ಎನ್ನುವುದು ನೆನಪಾಗಿ ಅಲ್ಲೇ ಕೂತಳು.

ಶಾಸ್ತ್ರಕ್ಕೆ ಎರಡು ದಿನ ಇರುವಾಗ ಗುಣಾದಿ ಅಜ್ಜ ಏರ್ಪಾಡು ನೋಡಲು ಬಂದ. ಹಲ್ಲಿನ ನಡುವೆ ಇಡುವ ಕಬ್ಬಿನ ತುಂಡಿಲ್ಲ, ಉಗುಳಲು ಹಳದಿ ಎಳನೀರಿನ ಬುರುಡೆಯಿಲ್ಲ, ಮಲಗಿಸುವ ಮಂಟಪಕ್ಕೆ ಬಟ್ಟೆ ಕಟ್ಟಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಜಗಲಿಯ ಕಡೆ ಕೈ ತೋರಿಸಿದಳು. ಅಜ್ಜ ಮೆಲ್ಲಗೆ ಹೋಗಿ ಸುವೆಂದ್ರಿಯ ಪಕ್ಕ ಕೂತ.

"ಇನ್ನೊಂದ್ಸಲ ತೋರಿಸು."

ಅವಳು ಬಾಯಿ ತೆರೆದಳು. ಅಜ್ಜ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಅದು ಜಗ್ಗಲಿಲ್ಲ.

"ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ನಾನು," ಎಂದ.

"ಕಣ್ಣಿನ ಪೊರೆ ತೆಗೆಸಿದ್ದು ಯಾವಾಗ ಅಜ್ಜಾ?"

"ಹೋದ ವರ್ಷ. ಯಾಕೆ?"

"ಅದಕ್ಕೆ ಮುಂಚೆ ಇಂಥ ಹಲ್ಲು ನಿಮಗೆ ಕಾಣ್ತಿತ್ತಾ?"

ಅಂಗಳದಲ್ಲಿ ಎಲ್ಲರೂ ಕೈಕೆಲಸ ಬಿಟ್ಟು ಕಾದರು. ಅಜ್ಜ ತೀಡಿದವರಲ್ಲಿ ಅರ್ಧ ಊರೇ ಇತ್ತು, ಸುತೇಜನೂ ಇದ್ದ. ಸುತೇಜನ ನಾಲಿಗೆ ತಾನಾಗಿ ತನ್ನ ಕೋರೆಹಲ್ಲುಗಳ ಮೇಲೆ ಓಡಾಡುತ್ತಿದ್ದುದು ಕೆನ್ನೆಯ ಮೇಲಿಂದಲೇ ಕಾಣುತ್ತಿತ್ತು.

"ಒಂದೆರಡು ಇದ್ದಿರಬಹುದು," ಎಂದ ಅಜ್ಜ ಕೊನೆಗೆ. ಆಮೇಲೆ ಅವನ ಹೊಟ್ಟೆ ಕುಲುಕಿತು, ನಗು ಉಕ್ಕಿ ಬಂತು. "ಸಾಕು ಏಳಮ್ಮ. ಮೂರು ಸಲ ಮೆತ್ತಗೆ ಆಡಿಸ್ತೀನಿ. ಮುರಿದ್ರೆ ನನ್ನ ಕೇಳಬೇಡ."

"ಎಲ್ಲರೆದುರು ಹೇಳಿ."

ಅಜ್ಜ ಎಲ್ಲರೆದುರು ಹೇಳಿದ. ಸುವೆಂದ್ರಿ ಎದ್ದು ಕೈ ತೊಳೆದು, ಇರುವೆ ಮುತ್ತಿದ ತಿಂಡಿಯನ್ನು ಯಾರು ತೆರೆದಿಟ್ಟದ್ದು ಎಂದು ಕೂಗುತ್ತ ಒಳಗೆ ಹೋದಳು.

ಶಾಸ್ತ್ರದ ದಿನ ಬೆಳಿಗ್ಗೆ ತಾಯಿಮಗ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಬಲಗಡೆಯ ಹಲ್ಲುಗಳ ಮೇಲೆ ಅರ ಓಡುವಾಗ ಸುವೆಂದ್ರಿಗೆ ತಲೆಬುರುಡೆಯೇ ಗರಗರ ಎಂದಿತು. ಎಡಗಡೆಗೆ ಬಂದಾಗ ಅಜ್ಜ ಉಸಿರು ಹಿಡಿದದ್ದು ಅವಳಿಗೆ ಕೇಳಿಸಿತು. ಒಂದು, ಎರಡು, ಮೂರು. ಹಲ್ಲು ನಿಂತಿತು. ಅವಳು ಎದ್ದು ಎಳನೀರಿನ ಬುರುಡೆಯೊಳಗೆ ಉಗುಳಿ, ಕನ್ನಡಿ ನೋಡಿ, ವೀಳ್ಯದೆಲೆ ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಅತ್ತೆ ಬಂದು ಬೆನ್ನು ಸವರಿದಳು.

ವಾರದ ನಂತರ ಸುವೆಂದ್ರಿ ಸಸಿಯನ್ನು ಪಾರಮಿತಾಳ ಹತ್ತಿರ ಕರೆದುಕೊಂಡು ಹೋದಳು. ವೈದ್ಯೆ ಹುಡುಗಿಯ ವಸಡಿನ ಮೇಲೆ ಬೆರಳಾಡಿಸಿದಳು. ಬಲಗಡೆ ಬರಲಿರುವ ಕೋರೆಹಲ್ಲಿನ ಉಬ್ಬು ಸಿಕ್ಕಿತು, ಎಡಗಡೆ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಎಡಗಡೆಯದು ಓರೆಯಾಗಿತ್ತು. ಈಗಲೇ ಹಾಲುಹಲ್ಲು ತೆಗೆದು ದಾರಿ ಬಿಟ್ಟುಕೊಟ್ಟರೆ ಸರಿದು ಬರುವ ಸಾಧ್ಯತೆ ಹೆಚ್ಚು ಎಂದಳು.

ಮನೆಯಲ್ಲಿ ಸಸಿ ಅತ್ತಳು. ಅತ್ತೆ ಅವಳಿಗಿಂತ ಜೋರಾಗಿ ಅತ್ತಳು. "ಹಸುಗೂಸಿನ ಹಲ್ಲು ಕೀಳಿಸ್ತೀಯಾ? ತಾನಾಗೇ ಬೀಳತ್ತೆ ಬಿಡೇ!"

"ನಮ್ಮಮ್ಮನೂ ಹಾಗೇ ಅಂದ್ಕೊಂಡು ಬಿಟ್ಟಿದ್ಲು ಅತ್ತೆ!" ಎಂದು ಸುವೆಂದ್ರಿ ಕಿರುಚಿದಳು. "ನಂದು ಇನ್ನೂ ಬಿದ್ದಿಲ್ಲ!"

ಹಲ್ಲು ಕೀಳಿಸಿದ್ದಾಯಿತು. ಆಮೇಲೆ ದಿನಾ ಬೆಳಿಗ್ಗೆ ಸಸಿಯ ತುಟಿ ಎತ್ತಿ ನೋಡುವುದು ಸುವೆಂದ್ರಿಗೆ ಕೆಲಸವಾಯಿತು. ಎಂಟು ತಿಂಗಳಾದರೂ ಏನೂ ಇಲ್ಲ. ವೈದ್ಯೆ ಕಾಯಿರಿ ಎಂದಳು, ಕಾದು ಕಾದು ಸುವೆಂದ್ರಿಗೆ ತಲೆ ಕೆಟ್ಟಿತು. ಒಂಬತ್ತನೆಯ ತಿಂಗಳು ವಸಡಿನಲ್ಲಿ ಬಿಳಿ ಮೊನೆಯೊಂದು ಇಣುಕಿತು. ತುಸು ಸೊಟ್ಟಗಿತ್ತು, ಆದರೆ ಬಂದಿತ್ತು. ಅತ್ತೆಗೆ ತೋರಿಸಿದಳು, ಸುತೇಜನಿಗೆ ತೋರಿಸಿದಳು, ಬೇಲಿಯಾಚೆಯವಳನ್ನೂ ಕೂಗಿ ಕರೆದಳು.

ತುಟಿ ಎತ್ತಿಸಿಕೊಂಡು ನಿಂತ ಸಸಿಯ ಕೈಯಲ್ಲಿ ಅನ್ನದ ತಟ್ಟೆ ಆರುತ್ತಿತ್ತು. "ಅಮ್ಮಾ, ಸಾಕು ಬಿಡೇ," ಎಂದಳು ಹುಡುಗಿ, ತೊದಲುತ್ತ. "ನಂಗೆ ಹಸಿವಾಗ್ತಿದೆ."